ಮೂಲರೂಪದ ಮೂಢಭಕ್ತಿ

ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಒಂದು ಹೊಸ ಮತ ಬೆಳೆದು ನಿಂತಿದೆ. ಅದರ ದೇವರ ಹೆಸರು ‘ಒರಿಜಿನಲ್’. ಕಾರ್ಖಾನೆಯ ಬಾಗಿಲು ದಾಟಿದ ದಿನ ಕಾರು ಹೇಗಿತ್ತೋ ಇವತ್ತೂ ಹಾಗೆಯೇ ಇರಬೇಕು. ಒಂದು ನಟ್ಟು ಬೇರೆಯಾದರೂ ಮೈಲಿಗೆ. ಈ ಮತಕ್ಕೆ ಪುರೋಹಿತರಿದ್ದಾರೆ, ಅವರನ್ನು ಪ್ರದರ್ಶನಗಳ ತೀರ್ಪುಗಾರರು ಎನ್ನುತ್ತೇವೆ. ದಕ್ಷಿಣೆಯಿದೆ, ಅದನ್ನು ಹರಾಜಿನ ಬೆಲೆ ಎನ್ನುತ್ತೇವೆ. ನಾನು ಈ ಮತಸ್ಥನಲ್ಲ. ಮನೆಯ ಗ್ಯಾರೇಜಿನಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ, ತುಕ್ಕು ತಿಂದದ್ದನ್ನು ಕತ್ತರಿಸಿ, ಕಾಲಕ್ಕೆ ತಕ್ಕದ್ದನ್ನು ಸೇರಿಸಿ, ಮತ್ತೆ ರಸ್ತೆಗಿಳಿಸುವವನು ಆ ಕಾರಿಗೆ ದ್ರೋಹ ಮಾಡುತ್ತಿಲ್ಲ. ಅದನ್ನು ನಿಜವಾಗಿ ಉಳಿಸುತ್ತಿರುವವನು ಅವನೇ. ಇದು ನನ್ನ ವಾದ.

ವಾದಕ್ಕೆ ಆಧಾರವಾಗಿ ನನಗೆ ಚೆನ್ನಾಗಿ ಗೊತ್ತಿರುವ ಕಾರನ್ನೇ ತೆಗೆದುಕೊಳ್ಳುತ್ತೇನೆ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಒಬ್ಬ ಸಾಧಾರಣ ಮನುಷ್ಯ ಒಂದು ಪೆಟ್ಟಿಗೆ ಸ್ಪ್ಯಾನರ್ ಇಟ್ಟುಕೊಂಡು ಅರ್ಥಮಾಡಿಕೊಳ್ಳಬಹುದಾದ ರಚನೆ. ಶ್ರೀಮಂತರಿಗಾಗಿ ಮಾಡಿದ ಕಾರಲ್ಲ. ಸಂಬಳದವರು ಕೊಳ್ಳಬಹುದಾಗಿದ್ದ ಕಾರು. ನನ್ನ ಗ್ಯಾರೇಜಿನಲ್ಲಿರುವುದು 1972ರ ಜಿಟಿ.

ಮೊದಲ ಪ್ರಶ್ನೆ: ಇದರ ‘ಮೂಲರೂಪ’ ಯಾವುದು? 1962ರ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಹೊತ್ತ ಮುಖ್ಯ ಬೇರಿಂಗುಗಳು ಮೂರು. ಎರಡೇ ವರ್ಷದಲ್ಲಿ ಕಾರ್ಖಾನೆ ಅದನ್ನು ಐದಕ್ಕೆ ಏರಿಸಿತು. ಆರಂಭದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. 1967ರ ನಂತರ ನೆಗೆಟಿವ್. ಅದೇ ವೇಳೆಗೆ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಮೊದಲ ಗೇರಿಗೂ ಸಿಂಕ್ರೊಮೆಶ್ ಬಂತು. 1974ರಲ್ಲಿ ಅಮೆರಿಕದ ನಿಯಮಗಳಿಗೆ ಹೊಂದಿಸಲು ಹೊಳೆಯುವ ಕ್ರೋಮ್ ಬಂಪರ್ ತೆಗೆದು ಕಪ್ಪು ರಬ್ಬರಿನ ದಪ್ಪ ಬಂಪರ್ ಕೂರಿಸಿದರು, ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಓಡಿಸುವ ಸುಖ ಕಡಿಮೆಯಾಯಿತೆಂದು ಅಂದಿನಿಂದಲೂ ಜನ ಬೈಯುತ್ತಲೇ ಇದ್ದಾರೆ. ಹಾಗಾದರೆ ರಬ್ಬರ್ ಬಂಪರಿನ ಕಾರಿಗೆ ಹಳೆಯ ಎತ್ತರವನ್ನು ಮರಳಿ ಕೊಟ್ಟವನು ಅದನ್ನು ಕೆಡಿಸಿದನೋ, ಸರಿಪಡಿಸಿದನೋ? ಒರಿಜಿನಲ್ ಮತದ ಪ್ರಕಾರ ಕೆಡಿಸಿದ. ಅಂದರೆ ಕಾನೂನಿನ ಒತ್ತಡಕ್ಕೆ ಸಿಕ್ಕಿ ಕಾರ್ಖಾನೆ ಮಾಡಿದ ಅವಸರದ ರಾಜಿಯೂ ಪವಿತ್ರ. ಮಾಲೀಕ ಯೋಚಿಸಿ ಮಾಡಿದ ಸುಧಾರಣೆ ಅಪವಿತ್ರ.

ಇನ್ನೂ ಹಿಂದಕ್ಕೆ ಹೋಗೋಣ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಹೆಸರಿನಲ್ಲೇ ಗ್ಯಾರೇಜು ಇದೆ. 1920ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಅದನ್ನು ನಡೆಸುತ್ತಿದ್ದ ಸೆಸಿಲ್ ಕಿಂಬರ್ ಮಾಡಿದ್ದೇನು? ಸಾಧಾರಣ ಮಾರಿಸ್ ಕಾರುಗಳನ್ನು ತೆಗೆದುಕೊಂಡು, ಅವುಗಳ ಸ್ಪ್ರಿಂಗು ಬದಲಿಸಿ, ಮೇಲೆ ಬೇರೆ ದೇಹ ಕೂರಿಸಿ, ವೇಗ ಹೆಚ್ಚಿಸಿ ಮಾರಿದ. 1925ರಲ್ಲಿ ಅವನು ಸ್ಪರ್ಧೆಗೆ ಓಡಿಸಿದ, ಇಂದು ‘ಓಲ್ಡ್ ನಂಬರ್ ಒನ್’ ಎಂದು ಪೂಜೆಗೊಳ್ಳುವ ಕಾರು ಕೂಡ ಮಾರಿಸ್ ಭಾಗಗಳನ್ನು ತಿದ್ದಿ ಕಟ್ಟಿದ್ದೇ. ಒರಿಜಿನಲ್ ಮತದ ತೀರ್ಪುಗಾರರು ಅಂದು ಇದ್ದಿದ್ದರೆ ಕಿಂಬರನನ್ನು ಮಾರಿಸ್ ಕಾರು ಹಾಳುಮಾಡಿದವನೆಂದು ಅಂಗಳದಿಂದ ಹೊರಗಟ್ಟುತ್ತಿದ್ದರು. ಎಂಜಿ ಎಂಬ ಹೆಸರು ಹುಟ್ಟಿದ್ದೇ ಬದಲಾವಣೆಯಿಂದ.

ಎಂಜಿಬಿಯ ಕತೆಯಲ್ಲೂ ಇದೇ ಆಯಿತು. ರೋವರ್ ಕಂಪನಿಯ ಬಳಿ ಹಗುರವಾದ ಅಲ್ಯೂಮಿನಿಯಂನ 3.5 ಲೀಟರ್ ವಿ8 ಎಂಜಿನ್ ಇತ್ತು. ಅದೂ ಅಮೆರಿಕದ ಬ್ಯೂಕ್‌ನಿಂದ ಕೊಂಡುತಂದ ವಿನ್ಯಾಸ. ಕೆನ್ ಕೊಸ್ಟೆಲ್ಲೊ ಎಂಬ ರೇಸಿನ ಮನುಷ್ಯ ಅದನ್ನು ಎಂಜಿಬಿಯ ಬಾನೆಟ್ಟಿನ ಕೆಳಗೆ ಕೂರಿಸಿ ಮಾರತೊಡಗಿದ. ಅವನನ್ನು ನೋಡಿದ ಮೇಲೆ ಕಾರ್ಖಾನೆಗೆ ಎಚ್ಚರವಾಯಿತು. 1973ರಲ್ಲಿ ತನ್ನದೇ ಎಂಜಿಬಿ ಜಿಟಿ ವಿ8 ತಂದಿತು. 1976ರೊಳಗೆ 2,591 ಕಾರು ಮಾಡಿ ನಿಲ್ಲಿಸಿತು. ಇಂದು ಆ 2,591ರಲ್ಲಿ ಒಂದು ನಿಮ್ಮ ಬಳಿಯಿದ್ದರೆ ಸಂಗ್ರಾಹಕರು ಕೈಮುಗಿಯುತ್ತಾರೆ. ಪಕ್ಕದ ಮನೆಯವನು ಅದೇ ರೋವರ್ ಎಂಜಿನ್ನನ್ನು ತನ್ನ ಸಾಧಾರಣ ಎಂಜಿಬಿಗೆ ಇನ್ನೂ ಚೊಕ್ಕವಾಗಿ ಕೂರಿಸಿದ್ದರೆ ಮೂಗು ಮುರಿಯುತ್ತಾರೆ. ಕಬ್ಬಿಣ ಅದೇ, ಅಲ್ಯೂಮಿನಿಯಂ ಅದೇ, ಆಲೋಚನೆ ಅದೇ. ವ್ಯತ್ಯಾಸವಿರುವುದು ಕಾಗದದಲ್ಲಿ ಮಾತ್ರ.

ಎರಡನೆಯ ಪ್ರಶ್ನೆ: ಮೂಲರೂಪದಲ್ಲೇ ಇಡುತ್ತೇನೆಂದು ಹಟ ಹಿಡಿದರೂ ಅದು ಸಾಧ್ಯವೇ? ಈ ಕಾರಿನ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿಗಾಗಿ ಮಾಡಿದ್ದು. ಎಕ್ಸಾಸ್ಟ್ ವಾಲ್ವುಗಳು ಕೂರುವ ಜಾಗ ಬೇಗ ಸವೆಯದಂತೆ ಆ ಸೀಸ ತಡೆಯುತ್ತಿತ್ತು. 2000ನೇ ಇಸವಿಯ ಆರಂಭಕ್ಕೆ ಬ್ರಿಟನ್ನಿನ ಬಂಕುಗಳ ಸಾಮಾನ್ಯ ಮಾರಾಟದಿಂದ ಅದು ಹೋಯಿತು. ಹೋಗಲೇಬೇಕಿತ್ತು, ಸೀಸ ಮಕ್ಕಳ ಮಿದುಳಿಗೆ ವಿಷ. ಈಗ ಸಿಲಿಂಡರ್ ಹೆಡ್ಡಿನಲ್ಲಿ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಬೇಕು, ಇಲ್ಲವೇ ಪೆಟ್ರೋಲಿಗೆ ಪುಡಿ ದ್ರಾವಣ ಬೆರೆಸುತ್ತ ಕಾಲ ಹಾಕಬೇಕು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಇನ್ನು ಬ್ರೇಕ್ ಲೈನಿಂಗು. ಆ ಕಾಲದ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಬ್ರಿಟನ್ 1999ರಲ್ಲಿ ಕಲ್ನಾರಿನ ಬಳಕೆಯನ್ನೇ ನಿಷೇಧಿಸಿತು. ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಎಂಜಿಬಿಗೆ ಕುಡಿಯಲು ಸರಿಯಾದ ಇಂಧನವಿಲ್ಲ, ಅದರ ಬ್ರೇಕಿನ ಭಾಗ ಮಾರುವಂತಿಲ್ಲ. ಓಡುವ ಪ್ರತಿ ಹಳೆಯ ಕಾರೂ ಆಗಲೇ ಬದಲಾದ ಕಾರು. ಪೂರ್ತಿ ಮೂಲರೂಪದಲ್ಲಿರುವ ಕಾರು ನಿಂತ ಕಾರು.

ಮೂರನೆಯದು ಪ್ರಾಣದ ಮಾತು. ಅಮೆರಿಕಕ್ಕೆ ಹೋಗುತ್ತಿದ್ದ ಎಂಜಿಬಿಗಳಿಗೆ 1968ರಿಂದಲೇ ಬ್ರೇಕಿಗೆ ಎರಡು ಪ್ರತ್ಯೇಕ ಸರ್ಕ್ಯೂಟು ಹಾಕುತ್ತಿದ್ದರು. ಒಂದು ಪೈಪು ಒಡೆದರೂ ಇನ್ನೊಂದು ಜೊತೆ ಚಕ್ರ ಹಿಡಿಯುತ್ತದೆ. ಅಲ್ಲಿನ ಕಾನೂನು ಕೇಳಿತು, ಹಾಕಿದರು. ತಮ್ಮದೇ ನೆಲದಲ್ಲಿ ಮಾರುತ್ತಿದ್ದ ಕಾರಿಗೆ ಅನಂತರವೂ ಹಲವು ವರ್ಷ ಒಂದೇ ಸರ್ಕ್ಯೂಟು. ಒಂದು ಕಡೆ ಸೋರಿದರೆ ಪೆಡಲು ನೆಲಕ್ಕೆ. ಅದೇ ಕಾರ್ಖಾನೆ, ಅದೇ ಕೆಲಸಗಾರರು. ನನ್ನ ಕಾರಿಗೆ ನಾನು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಕೂರಿಸಿದೆ. ವಿಮೆಗಾಗಿ ಬೆಲೆ ಕಟ್ಟಲು ಬಂದವರೊಬ್ಬರು ಅದನ್ನು ‘ಮೂಲದಿಂದ ವಿಚಲನೆ’ ಎಂದು ಬರೆದು ಅಂಕಿ ಇಳಿಸಿದರು. ಬ್ರೇಕು ಉತ್ತಮವಾದದ್ದಕ್ಕೆ ಬೆಲೆ ಕಡಿಮೆ! ಯಾವ ಶಾಸ್ತ್ರದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ನಿಲ್ಲುವುದು ದೋಷವೋ, ಆ ಶಾಸ್ತ್ರವನ್ನು ಮಡಚಿ ಇಡುವುದು ಒಳ್ಳೆಯದು.

ಈ ಮತದ ಬೇರು ಪ್ರೀತಿಯಲ್ಲಿಲ್ಲ, ಲೆಕ್ಕದಲ್ಲಿದೆ. ಲೆಕ್ಕ ನನ್ನ ಕಸುಬಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1992ರ ಬಂಡವಾಳ ಲಾಭ ತೆರಿಗೆ ಕಾಯಿದೆಯ 263ನೇ ಸೆಕ್ಷನ್ ಪ್ರಯಾಣಿಕ ಕಾರುಗಳನ್ನು ತೆರಿಗೆಯಿಂದ ಹೊರಗಿಟ್ಟಿದೆ. ಕಾರು ಸಾಮಾನ್ಯವಾಗಿ ಸವಕಳಿಯಾಗುವ ವಸ್ತು. ಅದನ್ನು ತೆರಿಗೆಗೆ ತಂದರೆ ಜನ ನಷ್ಟವನ್ನೇ ತೋರಿಸುತ್ತಾರೆ ಎಂಬುದು ಅದರ ಹಿಂದಿನ ಸರಳ ತರ್ಕ. ಆದರೆ ಬೆಲೆ ಏರುವ ಹಳೆಯ ಕಾರಿಗೂ ಇದೇ ರಿಯಾಯಿತಿ. ಕಾರು ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರ ಮಾತು ಬೇರೆ; ಉಳಿದವರಿಗೆ ಲಾಭದ ಮೇಲೆ ತೆರಿಗೆಯಿಲ್ಲ. ಷೇರು, ಬಾಡಿಗೆ ಮನೆಗಳ ಲಾಭಕ್ಕೆ ತೆರಿಗೆ ಕಟ್ಟಿ ಬೇಸತ್ತ ಹಣ ಗ್ಯಾರೇಜಿನ ಕಡೆ ತಿರುಗಿದ್ದು ಸಹಜ. ಹಣ ಬಂದಲ್ಲಿ ದರ್ಜೆ ಬೇಕು, ಪ್ರಮಾಣಪತ್ರ ಬೇಕು, ಒಂದನ್ನೊಂದು ಹೋಲಿಸಲು ಅಳತೆಗೋಲು ಬೇಕು. ಎಂಜಿನ್ ನಂಬರು ಕಾರ್ಖಾನೆಯ ದಾಖಲೆಗೆ ಹೊಂದುತ್ತದೆಯೇ? ಬಣ್ಣ ಅದೇನಾ? ಕ್ಲಿಪ್ಪು ಅದೇನಾ? ಇವೆಲ್ಲ ಕಾರಿನ ಬಗೆಗಿನ ಪ್ರಶ್ನೆಗಳಲ್ಲ, ಸರಕಿನ ಬಗೆಗಿನ ಪ್ರಶ್ನೆಗಳು. ಅಕ್ಕಿ ಮಂಡಿಯಲ್ಲೂ ಹೀಗೇ ಕೇಳುತ್ತಾರೆ. ಆದರೆ ಅಲ್ಲಿ ಯಾರೂ ಅದನ್ನು ಸಂಸ್ಕೃತಿ ಎನ್ನುವುದಿಲ್ಲ.

ಆ ಅಳತೆಗೋಲೂ ನೆಟ್ಟಗಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1962ರ ಫೆರಾರಿ 250 ಜಿಟಿಒ ಒಂದು 4.84 ಕೋಟಿ ಡಾಲರಿಗೆ ಹರಾಜಾಯಿತು. ಹರಾಜಿನಲ್ಲಿ ಅಂದಿನವರೆಗೆ ಯಾವ ಕಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆ ಕಾರು ಹುಟ್ಟಿದ ರೂಪದಲ್ಲಿತ್ತೇ? ಇಲ್ಲ. ರೇಸಿನಲ್ಲಿ ಓಡುತ್ತಿದ್ದಾಗಲೇ, ಎರಡು ವರ್ಷದ ನಂತರ, ಅದರ ಹಳೆಯ ದೇಹ ತೆಗೆದು ಹೊಸ ವಿನ್ಯಾಸದ ದೇಹ ಕೂರಿಸಿದ್ದರು. ಗೆಲ್ಲಲು ಏನು ಬೇಕೋ ಅದನ್ನು ಮಾಡಿದ್ದರು. 1964ರಲ್ಲಿ ಮಾಡಿದ ಬದಲಾವಣೆ ‘ಇತಿಹಾಸ’, ಇವತ್ತು ಮಾಡಿದ್ದು ‘ಹಾಳುಗೆಡಹು’ ಎನ್ನುವುದಾದರೆ, ಇತಿಹಾಸ ಯಾವ ತಾರೀಖಿಗೆ ಮುಗಿಯಿತೆಂದು ಯಾರು ತೀರ್ಮಾನಿಸಿದರು? ನಾವು ಬದುಕಿರುವ ಕಾಲ ಇತಿಹಾಸದ ಲೆಕ್ಕಕ್ಕೆ ಬರುವುದಿಲ್ಲವೇ?

ಎದುರು ವಾದವನ್ನು ಕೇಳದೆ ಬಿಡುವಂತಿಲ್ಲ. ‘ಎಲ್ಲರೂ ಹೀಗೆ ಬದಲಿಸುತ್ತ ಹೋದರೆ, ಆ ಕಾಲದಲ್ಲಿ ಕಾರನ್ನು ಹೇಗೆ ಕಟ್ಟುತ್ತಿದ್ದರೆಂದು ಮುಂದಿನವರಿಗೆ ತಿಳಿಯುವುದು ಹೇಗೆ?’ ನ್ಯಾಯವಾದ ಪ್ರಶ್ನೆ. ಉತ್ತರ: ಕೆಲವನ್ನು ಹಾಗೇ ಇಡಿ, ಮ್ಯೂಸಿಯಮ್ಮಿನಲ್ಲಿಡಿ. ಅಪರೂಪದ್ದನ್ನು, ಯಾರ ಕೈಯೂ ತಾಗದೆ ಉಳಿದದ್ದನ್ನು ಮುಟ್ಟಬೇಡಿ. ಅಂಥ ಕಾರಿಗೆ ಗರಗಸ ಹಚ್ಚುವವನ ಪರ ನಾನು ನಿಲ್ಲುವುದಿಲ್ಲ. ಆದರೆ ಐದು ಲಕ್ಷದಲ್ಲಿ ಒಂದಾದ, ಮೂರು ಮಾಲೀಕರ ಕೈ ದಾಟಿ, ಮಳೆಯಲ್ಲಿ ನೆನೆದು, ಸಿಲ್ ತುಕ್ಕು ಹಿಡಿದು ಕೂತ ಎಂಜಿಬಿಗೆ ಶಿಲಾಶಾಸನದ ಗೌರವ ಕೊಡಬೇಕೆಂದರೆ ನಗು ಬರುತ್ತದೆ. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲ ಕೆಳಗಿನ ಸಿಲ್ಲುಗಳೇ ಅದರ ಬೆನ್ನುಮೂಳೆ. ಅವನ್ನು ಕತ್ತರಿಸಿ ಹೊಸದು ಬೆಸೆಯದಿದ್ದರೆ ಕಾರು ನಡುವಿನಲ್ಲಿ ಬಾಗುತ್ತದೆ. ಇಡೀ ದೇಹವೇ ಹೋಗಿದ್ದರೆ, ಹಳೆಯ ಅಚ್ಚುಗಳಿಂದಲೇ ಹೊಸ ದೇಹ ಒತ್ತಿ ಕೊಡುವ ಸಂಸ್ಥೆ ಬ್ರಿಟನ್ನಿನಲ್ಲಿ 1988ರಿಂದ ಇದೆ. ಹೊಸ ದೇಹ ಹಾಕಿದರೆ ಅದು ಅದೇ ಕಾರೇ? ನಮ್ಮೂರುಗಳ ತೇರಿನ ಚಕ್ರ ಸವೆದಾಗ ಹೊಸ ಮರದಲ್ಲಿ ಮಾಡಿಸುತ್ತಾರೆ, ಅಚ್ಚು ಮುರಿದಾಗ ಬದಲಿಸುತ್ತಾರೆ. ತೇರು ಹಳೆಯದೇ ಆಗಿ ಉಳಿಯುವುದು ಮರದಿಂದಲ್ಲ, ವರ್ಷವರ್ಷವೂ ಎಳೆಯುವುದರಿಂದ.

ಎಳೆಯದೇ ಇಡುವುದನ್ನೇ ಆದರ್ಶ ಮಾಡಿಕೊಂಡವರೂ ಇದ್ದಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಚಾರಿತ್ರಿಕ ವಾಹನಕ್ಕೆ ಕೊಡುವ ವ್ಯಾಖ್ಯೆಯಲ್ಲಿ 30 ವರ್ಷ ತುಂಬಿರಬೇಕು, ಚಾರಿತ್ರಿಕವಾಗಿ ಸರಿಯಾದ ಸ್ಥಿತಿಯಲ್ಲಿರಬೇಕು, ಜೊತೆಗೆ ದಿನನಿತ್ಯದ ಸಾರಿಗೆಗೆ ಬಳಸುತ್ತಿರಬಾರದು. ಭಾರತ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನಗಳ ನಿಯಮವೂ ಇದೇ ದಾರಿಯದು: 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು, ಮತ್ತು ನಿತ್ಯದ ಬಳಕೆಗೆ ರಸ್ತೆಗೆ ತರಬಾರದು. ನಿವೃತ್ತಿಯ ನಂತರ ಮೈಸೂರಿಗೋ ಮಂಗಳೂರಿಗೋ ಮರಳಿ, ಅಪ್ಪನ ಕಾಲದ ಕಾರನ್ನು ಎಬ್ಬಿಸಿ ಓಡಿಸುವ ಕನಸಿರುವ ನಮ್ಮಂಥವರಿಗೆ ಆ ನಿಯಮ ಹೇಳುವುದಿಷ್ಟೇ: ಒರೆಸು, ನಿಲ್ಲಿಸು, ನೋಡು.

ಇದೇ ನಿಯಮವನ್ನು ಹಿಂದೆ ಜಾರಿಗೆ ತಂದಿದ್ದರೆ ಏನಾಗುತ್ತಿತ್ತು? ಎಂಜಿಬಿಯ ಎಂಜಿನ್ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಕುಟುಂಬದ್ದು. ಅದೇ ಕುಟುಂಬದ 1489 ಸಿಸಿ ಎಂಜಿನ್ ದಶಕಗಟ್ಟಲೆ ನಮ್ಮ ಅಂಬಾಸಡರಿನಲ್ಲಿತ್ತು. ಅಂಬಾಸಡರ್ ತಾನೂ ಮಾರಿಸ್ ಆಕ್ಸ್‌ಫರ್ಡಿನ ಅವತಾರ. ಅಂದರೆ ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕ ನಿಲ್ಲುತ್ತಿದ್ದ ಟ್ಯಾಕ್ಸಿಯೂ ಆಬಿಂಗ್ಡನ್ನಿನ ಸ್ಪೋರ್ಟ್ಸ್ ಕಾರೂ ದಾಯಾದಿಗಳು. ಆ ಟ್ಯಾಕ್ಸಿಯನ್ನು ಅಷ್ಟು ವರ್ಷ ಓಡಿಸಿದ್ದು ಯಾವ ತೀರ್ಪುಗಾರ? ಮರದ ಕೆಳಗೆ ಗೋಣಿ ಹಾಸಿ ಮಲಗಿ ಗೇರ್ ಬಾಕ್ಸ್ ಇಳಿಸುತ್ತಿದ್ದ ಮೆಕ್ಯಾನಿಕ್. ಸಿಗದ ಭಾಗವನ್ನು ಅವನು ಲೇತಿನಲ್ಲಿ ಮಾಡಿಸಿದ, ಇನ್ನೊಂದು ಗಾಡಿಯದನ್ನು ಹೊಂದಿಸಿದ, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ. ಅವನಿಗೆ ‘ಒರಿಜಿನಲ್’ ಎಂದರೆ ಅಂಗಡಿಯವನು ನಕಲಿ ಕೊಡದೆ ಕೊಟ್ಟ ಬಿಡಿಭಾಗ, ಅಷ್ಟೇ. ಆ ಮೆಕ್ಯಾನಿಕ್ಕಿನ ಬುದ್ಧಿಯೇ ನಿಜವಾದ ಪರಂಪರೆ. ಅದನ್ನು ಬಿಟ್ಟು ತಗಡನ್ನು ಪರಂಪರೆ ಎನ್ನುತ್ತಿದ್ದೇವೆ.

ಇಲ್ಲಿಗೆ ನಮ್ಮವರ ಮಾತು ಬರುತ್ತದೆ. ಕನ್ನಡ ಸಂಘದ ಹಬ್ಬದೂಟದಲ್ಲಿ ನನ್ನ ಉಗುರಿನ ಸಂದಿಯ ಕಪ್ಪು ನೋಡಿದವರು ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಒಂದು ಗಂಟೆಗೆ ಎಷ್ಟು ಬಿಲ್ ಮಾಡ್ತೀರಿ ಮಾರಾಯ್ರೆ? ಅಷ್ಟು ದುಡ್ಡಿಗೆ ಮೆಕ್ಯಾನಿಕ್ಕೇ ಬರ್ತಾನಲ್ಲ!’ ಲೆಕ್ಕ ಸರಿಯಾಗಿಯೇ ಇದೆ. ನನ್ನ ಗಂಟೆಗಳನ್ನು ಸೇರಿಸಿದರೆ ಈ ಕಾರು ಎಂದೂ ಲಾಭಕ್ಕೆ ಬರುವುದಿಲ್ಲ. ಬಿಡಿಭಾಗದ ಖರ್ಚೊಂದೇ ಮಾರಾಟದ ಬೆಲೆಯನ್ನು ದಾಟುತ್ತದೆ. ಆದರೆ ಇದೇ ಲೆಕ್ಕವನ್ನು ಅವರು ಮಗಳ ಭರತನಾಟ್ಯಕ್ಕೆ ಹಾಕುವುದಿಲ್ಲ, ಶನಿವಾರದ ಕ್ರಿಕೆಟ್ಟಿಗೆ ಹಾಕುವುದಿಲ್ಲ, ನಾಲ್ಕು ಗಂಟೆ ನಿಂತು ಮಾಡುವ ಹೋಳಿಗೆಗೆ ಹಾಕುವುದಿಲ್ಲ. ಸ್ಪ್ಯಾನರ್ ಹಿಡಿದಾಗ ಮಾತ್ರ ಹಾಕುತ್ತಾರೆ. ಏಕೆಂದರೆ ಪ್ರಶ್ನೆ ಹಣದ್ದಲ್ಲ. ಓದಿದವನು ಗ್ರೀಸು ಮುಟ್ಟಬಾರದು ಎಂಬ ಹಳೆಯ ಮಡಿ ಅದು. ಸಮುದ್ರ ದಾಟಿದರೂ ಸೂಟ್‌ಕೇಸಿನಲ್ಲಿ ಬಂದಿದೆ. ಆಯುಧ ಪೂಜೆಯ ದಿನ ಕಾರಿಗೆ ಕುಂಕುಮ ಹಚ್ಚುತ್ತೇವೆ, ಹೂ ಮುಡಿಸುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆ ಚಕ್ರವನ್ನು ಬಿಚ್ಚಲು ಮಾತ್ರ ಬರುವುದಿಲ್ಲ. ಉಪಕರಣಕ್ಕೆ ಪೂಜೆ, ಉಪಕರಣ ಹಿಡಿದವನಿಗೆ ಹೊರಗಿನ ಲೋಟ. ಒರಿಜಿನಲ್ ಮತದ ಇಂಗ್ಲಿಷರೂ ಗಂಟೆಯ ಲೆಕ್ಕದ ನಮ್ಮವರೂ ಬೇರೆಬೇರೆ ಜನರಂತೆ ಕಂಡರೂ ಕೈಯಲ್ಲಿರುವ ಗಜಕಡ್ಡಿ ಒಂದೇ: ಮಾರಿದರೆ ಎಷ್ಟು ಬರುತ್ತದೆ?

ಗ್ಯಾರೇಜಿನಲ್ಲಿ ಏನು ಬೇಕಾದರೂ ಮಾಡಬಹುದೆಂದು ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯ ಕೇಳುವವನಿಗೆ ಶಿಸ್ತು ಎರಡು ಪಾಲು ಬೇಕು. ಮೊದಲು ಬ್ರೇಕು, ಆಮೇಲೆ ಸ್ಟೀರಿಂಗು ಮತ್ತು ಸಸ್ಪೆನ್ಷನ್ನು, ಕೊನೆಗೆ ಎಂಜಿನ್ನಿನ ಶಕ್ತಿ. ಈ ಸಾಲನ್ನು ತಿರುಗುಮುರುಗು ಮಾಡಿದವನು ತನಗಲ್ಲದೆ ದಾರಿಹೋಕರಿಗೂ ಅಪಾಯ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಸ್ಟ್ಯಾಂಡು ಕೊಟ್ಟಿರಬೇಕು. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಕ್ಕೆ ಅಡ್ಡಪಟ್ಟಿ ಬೆಸೆದು ದೇಹ ಜಗ್ಗದಂತೆ ಹಿಡಿಯಬೇಕು. ತೆಗೆದ ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಇಡಬೇಕು, ಮುಂದಿನವನಿಗೆ ಬೇಕಾದರೆ ಮರಳಿ ಹಾಕಿಕೊಳ್ಳಲಿ. ಬದಲಾವಣೆಗಳನ್ನು ವಿಮೆಯವರಿಗೆ ಬರೆದು ತಿಳಿಸಬೇಕು. ಎಂಜಿನ್ ಬದಲಿಸಿದರೆ ಸರ್ಕಾರಿ ದಾಖಲೆಯಲ್ಲೂ ಬದಲಿಸಬೇಕು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಗಣನೀಯ ಬದಲಾವಣೆಯಾಗದ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಈ ವಿನಾಯಿತಿಯ ಹಿಂದೆಯೂ ‘ಮುಟ್ಟದಿದ್ದರೆ ಕ್ಷೇಮ’ ಎಂಬ ಅದೇ ಮೂಢಭಕ್ತಿಯಿದೆ. ಐವತ್ತು ವರ್ಷ ಯಾರೂ ಮುಟ್ಟದ ಬ್ರೇಕ್ ಪೈಪು ಕ್ಷೇಮವಲ್ಲ, ತುಕ್ಕು. ವಿನಾಯಿತಿ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಅಪರಿಚಿತ ತಪಾಸಕನೊಬ್ಬ ನಮ್ಮ ಕೆಲಸವನ್ನು ಕೆಳಗಿನಿಂದ ನೋಡಬೇಕು. ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಬಾರದೆಂಬುದು ನನ್ನ ಕಸುಬಿನ ಮೊದಲ ಪಾಠ. ವೆಲ್ಡಿಂಗಿಗೂ ಅದು ಸಲ್ಲುತ್ತದೆ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಕಾರು ಉಳಿಯುವುದು ಕಾರು ಬಲ್ಲವರು ಉಳಿದರೆ ಮಾತ್ರ. ಆಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದವರು ಈಗ ವೃದ್ಧರು. ಎರಡು ಕಾರ್ಬುರೇಟರುಗಳ ಉಸಿರನ್ನು ಕಿವಿಯಿಂದಲೇ ಕೇಳಿ ಸಮ ಮಾಡುವುದು, ಸವೆದ ಕಿಂಗ್‌ಪಿನ್ನನ್ನು ಚಕ್ರ ಅಲುಗಾಡಿಸಿಯೇ ಗುರುತಿಸುವುದು, ಇವು ಕೈಯಿಂದ ಕೈಗೆ ದಾಟುವ ವಿದ್ಯೆಗಳು. ತೇವ ತಾಗದ ಗೋದಾಮಿನಲ್ಲಿ ಬಟ್ಟೆ ಹೊದ್ದು ಬೆಲೆ ಏರುವುದನ್ನೇ ಕಾಯುತ್ತ ನಿಂತ ಕಾರಿನಿಂದ ಈ ವಿದ್ಯೆ ಯಾರಿಗೂ ದಾಟುವುದಿಲ್ಲ. ಅಂಥ ಕಾರು ಕೊಳ್ಳುವಷ್ಟು ಹಣ ಇಪ್ಪತ್ತರ ಹುಡುಗ ಹುಡುಗಿಯರಲ್ಲಿ ಇಲ್ಲ. ಮುಟ್ಟಲು ಯಾರೂ ಬಿಡುವುದಿಲ್ಲ. ಬೆಲೆ ಏರಿ ಏರಿ ಕೊನೆಗೆ, ಅದನ್ನು ಸ್ಟಾರ್ಟ್ ಮಾಡಲು ಗೊತ್ತಿರುವವರೇ ಇಲ್ಲದ ದಿನ ಆ ಬೆಲೆಗೆ ಅರ್ಥವೇನು?

ಆದ್ದರಿಂದ ಹಳೆಯ ಕಾರಿನ ಆಸೆಯಿರುವವರಿಗೆ ಹೇಳುತ್ತೇನೆ. ಪ್ರಮಾಣಪತ್ರ ನೋಡಿ ಕೊಳ್ಳಬೇಡಿ, ಸಿಲ್ಲಿನ ಕೆಳಗೆ ಬೆರಳು ಹಾಕಿ ನೋಡಿ ಕೊಳ್ಳಿ. ಸಾಧಾರಣದ್ದನ್ನು, ನಿಮ್ಮ ಕೈಗೆಟುಕುವುದನ್ನು, ಬಿಡಿಭಾಗ ಸಿಗುವುದನ್ನು ಕೊಳ್ಳಿ. ಬಿಚ್ಚಿ, ತಿಳಿಯಿರಿ, ತಿಳಿಯದ್ದನ್ನು ಬಲ್ಲವರನ್ನು ಕೇಳಿ, ಅವರಿಗೆ ‘ಮೆಕ್ಯಾನಿಕ್ಕು’ ಎಂಬ ತಾತ್ಸಾರವಿಲ್ಲದೆ ಗುರುವಿನ ಗೌರವ ಕೊಡಿ. ಕಾಲ ಬದಲಾದಂತೆ ಬ್ರೇಕು, ಪೈಪು, ಇಗ್ನಿಷನ್ನು, ಬೇಕಾದರೆ ಎಂಜಿನ್ನನ್ನೂ ಬದಲಿಸಿ, ಮಾಡಿದ್ದನ್ನು ಬರೆದಿಡಿ. ಮಳೆ ಬಂದರೂ ಓಡಿಸಿ. ಪಕ್ಕದಲ್ಲಿ ಒಬ್ಬ ಚಿಕ್ಕವನನ್ನೋ ಚಿಕ್ಕವಳನ್ನೋ ನಿಲ್ಲಿಸಿಕೊಂಡು, ಅವರ ಕೈಗೆ ಸ್ಪ್ಯಾನರ್ ಕೊಡಿ.